ಎಡ ಮುಂಗಾಲು

ಹಯಾತ್ ಅಂದರೆ ಬದುಕು, ಹೆಸರಿಟ್ಟವರ ಲೆಕ್ಕದಲ್ಲಿ.
ಹಯ ಅಂದರೆ ಕುದುರೆ ಕಣೋ, ಅಂದಿದ್ದೆ ನಾನು,
ಶಾಲೆಯಲ್ಲಿ ಹೊಡೆದು ಕಲಿಸಿದ್ದು ಅದೊಂದೇ ಉಳಿದಿತ್ತು.
ನಕ್ಕೆ ನೀನು. ನಗುವಾಗಲೂ
ತುಟಿಯಂಚಿನ ಮೊಳೆ ಜಾರಲಿಲ್ಲ.

ನಾಲಿಗೆ ಏಳು ಮೊಳೆ, ಹೊರಗೆ ನಾಲ್ಕು, ಒಳಗೆ ಮೂರು.
ಏಳೂ ನಿನ್ನ ನಾಲಿಗೆಯ ಮೇಲೇ ಸರದಿ ಕಾಯುತ್ತಿದ್ದವು.
"ಬಾಯಾಗ ಮೊಳಿ ಇದ್ದಾಗ
ಸುಳ್ಳು ಹೇಳಾಕ ಬರಂಗಿಲ್ಲ ಕಂಪೌಂಡ್ರೇ."
ಇದನ್ನು ತಿಳಿದೇ ಕೈಸಾಲ ಕೇಳುವವರು
ನೀನು ನಾಲು ಕಟ್ಟುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ಸ್ಟೇಷನ್ ಮುಂದೆ ಟಾಂಗಾ ಒಂದೊಂದೇ ಕಮ್ಮಿಯಾದವು.
ಕೊನೆಗೆ ನಾಲ್ಕು ಕುದುರೆ, ನಾಲ್ಕೂ ಬಿಳಿಯವು,
ಮದುವೆಗೆ ಬಾಡಿಗೆ ಹೋಗುವಂಥವು.
ಆಟೋದವರ ಮೇಲೆ ನೀನು ಸಿಟ್ಟಾಗಲಿಲ್ಲ.
ಆಟೋ ಹತ್ತಿಯೇ ನಾಲು ಕಟ್ಟಲು ಹೊರಡುತ್ತಿದ್ದೆ,
ಅಡಿಗಲ್ಲನ್ನು ಮೊಮ್ಮಗನ ಹಾಗೆ
ತೊಡೆಯ ಮೇಲೆ ಕೂರಿಸಿಕೊಂಡು.

ಬತಾಸುಗೆ ಹೊಟ್ಟೆಶೂಲೆ ಬಂದ ರಾತ್ರಿ
ನಾನು ಕೊಡುವ ಔಷಧ ಹತ್ತು ನಿಮಿಷಕ್ಕೆ ಮುಗಿದಿತ್ತು.
ಬೀಗರ ಪೈಕಿ ಯಾರೋ ಪ್ರೀತಿಗೆ
ಬುಟ್ಟಿ ತುಂಬ ಪಲಾವು ತಿನ್ನಿಸಿದ್ದರಂತೆ.
ಗೌಸ್‌ಪೀರ್ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ.
"ಮಲಗಾಕ ಬಿಡಬ್ಯಾಡ್ರಿ. ಮಲಗ್ತೋ, ಮುಗೀತು,"
ಅಂದವನು ಹಗ್ಗ ಹಿಡಿದು ನಡೆದೇಬಿಟ್ಟೆ.

ಮಂಡಿಪೇಟೆ. ಗಡಿಯಾರ ಕಂಬ.
ಮುಚ್ಚಿದ ಗಿರಣಿಯ ಉದ್ದ ಗೋಡೆ.
ಅಶೋಕ ರಸ್ತೆಯ ಗೇಟು ಬಿದ್ದಿತ್ತು,
ಮುಗಿಯದ ಗೂಡ್ಸು ಗಾಡಿ.
ನಿಲ್ಲಲಿಲ್ಲ ನೀನು, ಗೇಟಿನ ಮುಂದೆಯೇ
ಸುತ್ತು, ಸುತ್ತು, ಸುತ್ತು.
ಕಂಬದ ಹತ್ತಿರ ಪೇದೆ ಎರಡು ಸಲ ತಡೆದು ಕೇಳಿದ.
ಮೂರನೆಯ ಸುತ್ತಿಗೆ ಏನೂ ಕೇಳದೆ
ಲಾಠಿ ಕಂಕುಳಿಗೆ ಸಿಕ್ಕಿಸಿ ಜೊತೆಗೇ ಬಂದ.
ಮಂಡಕ್ಕಿ ಭಟ್ಟಿಗಳಲ್ಲಿ ಆಗಷ್ಟೇ ಹೊಗೆ ಏಳುತ್ತಿತ್ತು.
ಬತಾಸು ನಿಂತು, ಬಾಲ ಎತ್ತಿ, ಲದ್ದಿ ಹಾಕಿತು.
ಚಪ್ಪಾಳೆ ತಟ್ಟಿದೆವು ಮೂವರೂ, ನಡುರಸ್ತೆಯಲ್ಲಿ,
ಪೇದೆ ಎಲ್ಲರಿಗಿಂತ ಜೋರಾಗಿ.

ಆಸ್ಪತ್ರೆಯಲ್ಲಿ ನಿನ್ನನ್ನು ಮಲಗಿಸಿಬಿಟ್ಟಿದ್ದರು.
ಮೂರು ದಿನ. ಅಲುಗಾಡಿಸಬೇಡಿ ಎಂದಿದ್ದರು.
ಚಾದರದಾಚೆ ಪಾದಗಳು ಕಂಡವು.
ನಲವತ್ತು ವರ್ಷ ಬೇರೆಯವರ ಕಾಲು ನೋಡಿದವನ
ಕಾಲನ್ನು ನಾನು ನೋಡಿದ್ದೇ ಆಗ:
ಹೆಬ್ಬೆರಳ ಮೇಲೆ ಯಾವುದೋ ಕುದುರೆ ತುಳಿದ ಕಪ್ಪು,
ರಿಹಾನಾ ಎಣ್ಣೆ ಹಚ್ಚುತ್ತಿದ್ದ ಒಡೆದ ಹಿಮ್ಮಡಿ.
ಎಬ್ಬಿಸಿ ಇವನನ್ನು, ಹಿಡಿದು ನಡೆಸಿ,
ಗಡಿಯಾರ ಕಂಬದವರೆಗೆ ಒಂದು ಸಲ ಹೋಗಿ ಬರಲಿ,
ಎಂದು ಬಾಯಿ ತುದಿಗೆ ಬಂದಿತ್ತು.
ಹೇಳಲಿಲ್ಲ.
ನಾನು ದನದ ಆಸ್ಪತ್ರೆಯ ಕಂಪೌಂಡರ್.

ಮಣ್ಣು ಕೊಟ್ಟು ಬಂದ ಸಂಜೆಯೇ
ಬತಾಸು ಮದುವೆಗೆ ಹೋಯಿತು.
ಮುಂಗಡ ಈಸಿಕೊಂಡಾಗಿತ್ತು, ತಪ್ಪೇನಿಲ್ಲ.
ಬ್ಯಾಂಡಿನ ಹಿಂದೆ, ನೀನು ಕಟ್ಟಿದ ನಾಲ್ಕು ನಾಲಿನ ಮೇಲೆ,
ಹೆದರಿದ ಮದುಮಗನನ್ನು ಹೊತ್ತು
ಟಕ್ಕು ಟಕ್ಕು ಅಂತ
ನನ್ನ ಮನೆಯ ಮುಂದೆಯೇ ಹಾದುಹೋಯಿತು.
ಬಾಗಿಲು ತೆರೆಯಲಾಗಲಿಲ್ಲ ನನಗೆ.

ನಾಲು ಸವೆಯಲು ಎರಡು ತಿಂಗಳು ಸಾಕು.
ಗೌಸ್‌ಪೀರ್ ಹುಬ್ಬಳ್ಳಿಯಿಂದ ಯಾರನ್ನೋ
ಕರೆಸುತ್ತೇನೆ ಅನ್ನುತ್ತಲೇ ಇದ್ದಾನೆ.
ನಿನ್ನೆ ಬತಾಸುವನ್ನು ನಾನೇ ಹಿಡಿದುಕೊಂಡು ಬರುತ್ತಿದ್ದೆ.
ಕೂಲರ್ ರಿಪೇರಿ ಅಂಗಡಿಯಲ್ಲಿ ಹುಡುಗನೊಬ್ಬ
ತಗಡು ಬಡಿಯುತ್ತಿದ್ದ.
ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು.
ಮತ್ತೆ ಎರಡು ಸಣ್ಣ.
ಬತಾಸು ನಿಂತಿತು.
ಕಿವಿ ತಿರುಗಿಸಿತು.
ಎಡ ಮುಂಗಾಲು ಮಡಚಿ ಎತ್ತಿ ಕಾಯತೊಡಗಿತು.

ಹಿಂದೆ ಲಾರಿ ಹಾರ್ನು ಹೊಡೆಯುತ್ತಿತ್ತು.
ನನಗೆ ನಾಲು ಕಟ್ಟಲು ಬರದು, ಹಯಾತ್.
ಬಗ್ಗಿದೆ, ನೀನು ಬಗ್ಗುತ್ತಿದ್ದ ಹಾಗೆ ಬೆನ್ನು ಕೊಟ್ಟು,
ಆ ಕಾಲನ್ನು ಎರಡು ಮೊಣಕಾಲ ನಡುವೆ ತೆಗೆದುಕೊಂಡು
ಸುಮ್ಮನೆ ಹಿಡಿದುಕೊಂಡೆ.
ಬಿಸಿಯಿತ್ತು.